ಟ್ರ್ಯಾಕ್ಟರ್ ಎಂಜಿನ್ ಮೇಲಿನ ಎಣ್ಣೆಜಿಡ್ಡು ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ರೈತರೂ ಟ್ರ್ಯಾಕ್ಟರ್ ಚಾಲಕರೂ ಬಾನೆಟ್ ತೆರೆದು ನಿಂತಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಸಾಮಾನ್ಯ ಡೀಸೆಲ್ ಟ್ರ್ಯಾಕ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆಯಲಾಗಿದೆ. ನಿಮ್ಮ ಗಾಡಿಯ ಜೊತೆಗೆ ಕಂಪನಿಯವರು ಕೊಟ್ಟ ಕೈಪಿಡಿ ಬೇರೆ ಮಾತು ಹೇಳಿದರೆ ಕೈಪಿಡಿಯನ್ನೇ ಅನುಸರಿಸಬೇಕು.

ದುಡಿಯುವ ಎಂಜಿನ್ ಮೇಲೆ ಜಿಡ್ಡು ಕೂಡುವುದು ಸಹಜ. ಅದನ್ನು ತೆಗೆಯಲೇಬೇಕೇ?

ಧೂಳು ಕೂಡುವುದು ಸಹಜ, ಜಿಡ್ಡು ಕೂಡುವುದು ಸಹಜವಲ್ಲ. ಒಣ ಧೂಳು ಫ್ಯಾನಿನ ಗಾಳಿಗೆ ಬಹುಮಟ್ಟಿಗೆ ಹಾರಿ ಹೋಗುತ್ತದೆ. ಎಲ್ಲಿ ಆಯಿಲ್ ಅಥವಾ ಡೀಸೆಲ್ ಒಸರುತ್ತಿದೆಯೋ ಅಲ್ಲಿ ಮಾತ್ರ ಅದು ಹಿಡಿದು ನಿಂತು, ಪದರದ ಮೇಲೆ ಪದರ ಕಟ್ಟುತ್ತದೆ. ಆದ್ದರಿಂದ ದಪ್ಪ ಜಿಡ್ಡು ಇದ್ದಲ್ಲಿ ಸೋರಿಕೆ ಇದೆ ಅಥವಾ ಹಿಂದೆ ಇತ್ತು ಎಂದೇ ತಿಳಿಯಬೇಕು.

ತೆಗೆಯದೆ ಬಿಟ್ಟರೆ ಆಗುವ ಹಾನಿ ಒಂದೆರಡಲ್ಲ. ಎಂಜಿನ್ ತನ್ನ ಬಿಸಿಯನ್ನು ಮುಖ್ಯವಾಗಿ ರೇಡಿಯೇಟರ್ ಮೂಲಕ ಹೊರಹಾಕಿದರೂ ಕೆಳಗಿನ ಆಯಿಲ್ ಚೇಂಬರ್ ಕೂಡ ತನ್ನ ಮೈಯಿಂದ ಸಾಕಷ್ಟು ಬಿಸಿಯನ್ನು ಬಿಡುತ್ತದೆ, ಮತ್ತು ಬೆರಳುದಪ್ಪದ ಮಣ್ಣಿನ ಹೊದಿಕೆ ಅದನ್ನು ತಡೆಯುತ್ತದೆ. ಫ್ಯಾನ್ ಬೆಲ್ಟಿಗೆ ಆಯಿಲ್ ತಾಗಿದರೆ ಬೆಲ್ಟ್ ಜಾರುತ್ತದೆ, ರಬ್ಬರ್ ಉಬ್ಬುತ್ತದೆ. ವೈರುಗಳ ಮೇಲಿನ ಹೊದಿಕೆ ಕೆಟ್ಟು ಸೀಳುತ್ತದೆ. ಎಲ್ಲಕ್ಕಿಂತ ದೊಡ್ಡದು ಬೆಂಕಿಯ ಭಯ. ಕಡಲೆ ಅಥವಾ ಗೋವಿನಜೋಳದ ರಾಶಿ ಮಾಡುವಾಗ ಟ್ರ್ಯಾಕ್ಟರ್ ಗಂಟೆಗಟ್ಟಲೆ ಒಂದೇ ಕಡೆ ನಿಂತು ಯಂತ್ರ ತಿರುಗಿಸುತ್ತದೆ, ಸುತ್ತಲೂ ಒಣ ಹೊಟ್ಟು ಹಾರುತ್ತಿರುತ್ತದೆ, ಆ ಹೊಟ್ಟು ಆಯಿಲ್ ಹಿಡಿದ ಜಾಗದಲ್ಲಿ ಅಂಟಿ ಕೂರುತ್ತದೆ. ಭಾರದಲ್ಲಿ ದುಡಿಯುವ ಎಂಜಿನ್‌ನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಮ್ಯಾನಿಫೋಲ್ಡ್ ಹಲವು ನೂರು ಡಿಗ್ರಿ ಕಾಯುತ್ತದೆ. ಡೀಸೆಲ್ ಹೊತ್ತಿಕೊಳ್ಳಲು ಕಿಡಿಯೂ ಬೇಡ, ಸುಮಾರು 210ರಿಂದ 250 ಡಿಗ್ರಿ ಸಾಕು. ಇದು ವರ್ಷದ ಬೆಳೆ ಕಣದಲ್ಲಿರುವ ಹೊತ್ತು ಎಂಬುದನ್ನು ಮರೆಯಬಾರದು.

ಎರೆ (ಕಪ್ಪು ಮಣ್ಣಿನ) ಹೊಲದ ಟ್ರ್ಯಾಕ್ಟರಿನ ಜಿಡ್ಡು ಮಸಾರಿ (ಕೆಂಪು ಮಣ್ಣಿನ) ಹೊಲದ ಟ್ರ್ಯಾಕ್ಟರಿಗಿಂತ ಬಿಡಿಸಲು ಕಷ್ಟ. ಕಾರಣವೇನು?

ನವಲಗುಂದ, ನರಗುಂದ, ರೋಣ, ಕುಂದಗೋಳದ ಕಡೆಯ ಎರೆ ಮಣ್ಣಿನಲ್ಲಿ ಬಹಳ ನುಣ್ಣನೆಯ ಜೇಡಿಯ ಕಣಗಳು ಹೆಚ್ಚು. ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಳ್ಳುವುದೂ ಇದೇ ಗುಣದಿಂದ. ಕಣಗಳು ಸಣ್ಣವಾದಷ್ಟೂ ಆಯಿಲ್ ಹಿಡಿದಿಡುವ ಮೈ ಹೆಚ್ಚುತ್ತದೆ. ಹೀಗೆ ಆಯಿಲ್ ಕುಡಿದ ಜೇಡಿ ಎಂಜಿನ್ನಿನ ಕಾವಿಗೆ ದಿನವೂ ಕಾದು ಗಟ್ಟಿಯಾಗುತ್ತ ಹೋಗುತ್ತದೆ. ಮಸಾರಿಯಲ್ಲಿ ಮರಳಿನ ಅಂಶ ಹೆಚ್ಚಿರುವುದರಿಂದ ಅದರ ಜಿಡ್ಡು ಕೆರೆದರೆ ಉದುರುತ್ತದೆ.

ಇದರಿಂದ ಒಂದು ಮುಖ್ಯವಾದ ನಿಯಮ ಹುಟ್ಟುತ್ತದೆ: ಎರೆ ಮಣ್ಣಿನ ಜಿಡ್ಡಿಗೆ ಮೊದಲೇ ನೀರು ಹೊಡೆಯಬಾರದು. ನೀರು ತಾಗಿದೊಡನೆ ಜೇಡಿ ಉಬ್ಬಿ ಅಂಟಾಗುತ್ತದೆ, ಒಳಗಿನ ಆಯಿಲ್ ತನಕ ನೀರೂ ಹೋಗುವುದಿಲ್ಲ, ಸೋಪೂ ಹೋಗುವುದಿಲ್ಲ. ಮೊದಲು ಒಣಗಿದ್ದಾಗಲೇ ಕೆರೆಯಬೇಕು, ಆಮೇಲೆ ಜಿಡ್ಡು ಕರಗಿಸುವ ದ್ರಾವಣ ಹಚ್ಚಬೇಕು, ನೀರು ಕೊನೆಗೆ. ನಮ್ಮ ಭಾಗದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಕ್ರಮ ತಪ್ಪಿದಾಗಲೇ.

ತೊಳೆಯಲು ಆರಂಭಿಸುವ ಮೊದಲು ಏನು ಮಾಡಬೇಕು?

ನೋಡಬೇಕು. ಈ ಪುಟದ ಉಳಿದ ಎಲ್ಲವನ್ನೂ ಮರೆತರೂ ಇದೊಂದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ. ಜಿಡ್ಡಿನ ಗುರುತುಗಳು ಸೋರಿಕೆ ಎಲ್ಲಿ ಹುಟ್ಟಿತು, ಯಾವ ಕಡೆ ಹರಿಯಿತು, ಎಷ್ಟು ದಿನದಿಂದ ನಡೆದಿದೆ ಎಂಬುದನ್ನು ಹೇಳುತ್ತವೆ. ತೊಳೆದ ಮೇಲೆ ಆ ಗುರುತುಗಳು ಮತ್ತೆ ಸಿಗುವುದಿಲ್ಲ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ, ಬೆಳಕು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ.

ಸೋರಿಕೆ ಹುಟ್ಟುವುದು ಯಾವಾಗಲೂ ಜಿಡ್ಡಿನ ಮೇಲ್ತುದಿಯಲ್ಲಿ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹನಿ ಬೀಳುವ ಜಾಗವನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಕಣ್ಣಾಡಿಸುತ್ತ ಹೋಗಬೇಕು. ಚೇಂಬರ್ ಪೂರ್ತಿ ಒದ್ದೆಯಾಗಿದೆ ಎಂದು ಚೇಂಬರ್ ಪ್ಯಾಕಿಂಗ್ ಬದಲಿಸಿ, ಕೊನೆಗೆ ಸೋರುತ್ತಿದ್ದುದು ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಎಂದು ಗೊತ್ತಾಗುವುದು ಹೊಸದೇನಲ್ಲ.

ಬಣ್ಣ ಮತ್ತು ವಾಸನೆಯೂ ಸಹಾಯ ಮಾಡುತ್ತವೆ. ಕಪ್ಪಾಗಿ ಮಂದವಾಗಿದ್ದರೆ ಎಂಜಿನ್ ಆಯಿಲ್: ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರಿನ ಕುತ್ತಿಗೆ, ಟೈಮಿಂಗ್ ಕವರ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್‌ಗಳನ್ನು ನೋಡಿ. ತೆಳ್ಳಗಿದ್ದು, ಮಣ್ಣು ಒದ್ದೆಯಾಗಿ ಮಿರುಗುತ್ತಿದ್ದು, ಡೀಸೆಲ್ ವಾಸನೆ ಬಂದರೆ ಪಂಪು, ಫಿಲ್ಟರ್, ರಿಟರ್ನ್ ಪೈಪುಗಳ ಕಡೆ ಹೋಗಿ. ಅಲ್ಲಿನ ತಾಮ್ರದ ವಾಷರ್‌ಗಳು ಒಮ್ಮೆ ಬಿಗಿದ ಮೇಲೆ ಚಪ್ಪಟೆಯಾಗುವುದರಿಂದ ಬಿಚ್ಚಿದಾಗಲೆಲ್ಲ ಹೊಸದು ಹಾಕುವುದೇ ಸರಿ. ಹೊಂಬಣ್ಣದ ಆಯಿಲ್ ಹಿಂದುಗಡೆ ಕಂಡರೆ ಅದು ಗೇರ್ ಅಥವಾ ಹೈಡ್ರಾಲಿಕ್‌ನದಿರಬಹುದು. ರೇಡಿಯೇಟರ್ ಹೋಸ್‌ಗಳ ಕೂಡಿನಲ್ಲಿ ಹಸಿರು ಅಥವಾ ಬಿಳಿಯ ಒಣ ಕಲೆಯಿದ್ದರೆ ಕೂಲಂಟ್ ಹೋಗುತ್ತಿದೆ.

ಬ್ರೀದರ್ ಪೈಪಿನ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಕೊಳವೆಯ) ಬಾಯಿಯ ಸುತ್ತ ಮಾತ್ರ ಜಿಡ್ಡು ಕಟ್ಟಿ, ಎಂಜಿನ್ ನಡೆಯುವಾಗ ಅಲ್ಲಿಂದ ಹೊಗೆ ಒತ್ತಿ ಒತ್ತಿ ಬರುತ್ತಿದ್ದರೆ, ಅದು ಪ್ಯಾಕಿಂಗಿನ ದೋಷವಲ್ಲ. ಪಿಸ್ಟನ್ ರಿಂಗು ಅಥವಾ ಲೈನರ್ ಸವೆದು, ಉರಿದ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಆ ಒತ್ತಡವೇ ಬೇರೆ ಸೀಲ್‌ಗಳಿಂದಲೂ ಆಯಿಲ್ ಹೊರಗೆ ನೂಕುತ್ತದೆ. ಅಂಥ ಎಂಜಿನ್ನನ್ನು ಎಷ್ಟು ತೊಳೆದರೂ ಒಂದು ಹಂಗಾಮು ಮುಗಿಯುವುದರೊಳಗೆ ಮತ್ತೆ ಅದೇ ಸ್ಥಿತಿಗೆ ಬರುತ್ತದೆ.

ಎಂಜಿನ್ ನಡೆಯುತ್ತಿರುವಾಗ ಡೀಸೆಲ್ ಸೋರಿಕೆಯನ್ನು ಬೆರಳಿನಿಂದ ಹುಡುಕಲೇಬಾರದು. ಹಳೆಯ ಪಂಪಿನ ಎಂಜಿನ್ನಿನಲ್ಲೂ ನೋಝಲ್ ತೆರೆಯುವುದು ಸುಮಾರು 200 ಬಾರ್ ಒತ್ತಡದಲ್ಲಿ; ಕೂದಲೆಳೆಯ ಸಂದಿಯಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಸೇರುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗಿನ ಮಾಂಸ ಕೊಳೆಯುವ ಅಪಾಯವಿರುವುದರಿಂದ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಎಂದೇ ಹೇಳಬೇಕು. ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು.

ಎಂಜಿನ್ ಬಿಸಿ ಇರುವಾಗ ತೊಳೆದರೆ ಜಿಡ್ಡು ಬೇಗ ಬಿಡುತ್ತದೆಯಲ್ಲ?

ಬಿಡುತ್ತದೆ, ಆದರೆ ಜೊತೆಗೆ ಮ್ಯಾನಿಫೋಲ್ಡೂ ಬಿರಿಯಬಹುದು. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದಾಗ ಹೊರಮೈ ಒಮ್ಮೆಲೆ ಕುಗ್ಗುತ್ತದೆ, ಒಳಮೈ ಕುಗ್ಗುವುದಿಲ್ಲ. ಡೀಸೆಲ್ ಪಂಪಿನ ಒಳಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಬಿಸಿ ಪಂಪಿನ ಮೇಲೆ ತಣ್ಣೀರು ಸುರಿದರೆ ಹೊರಕವಚ ಕುಗ್ಗಿ ಒಳಗಿನ ತುಂಡುಗಳು ಕಚ್ಚಿಕೊಂಡು ಪಂಪು ಜಾಮ್ ಆಗಬಹುದು. ಕೈಯಿಟ್ಟರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಬೆಳಗ್ಗೆ ಎಂಜಿನ್ನನ್ನು ನಾಲ್ಕೈದು ನಿಮಿಷ ನಡೆಸಿ ನಿಲ್ಲಿಸಿದರೆ ಆ ಹದ ಸಿಗುತ್ತದೆ. ದ್ರಾವಣ ಹಚ್ಚುವಾಗ ಗಾಡಿ ನೆರಳಿನಲ್ಲಿರಲಿ. ಬಿಸಿಲಿನಲ್ಲಿ ದ್ರಾವಣ ಕೆಲಸ ಮಾಡುವ ಮೊದಲೇ ಒಣಗಿ ಬಣ್ಣದ ಮೇಲೆ ಕಲೆ ಬಿಡುತ್ತದೆ.

ಯಾವ ಭಾಗಗಳಿಗೆ ನೀರು ತಾಗಬಾರದು?

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಆಮೇಲೆ ಪಾಸಿಟಿವ್. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಹೀಗೆ ಮಾಡಿದರೆ ಪಾನಾ ಗಾಡಿಯ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ಏರ್ ಕ್ಲೀನರಿನ ಬಾಯಿ, ಡೈನಮೋ, ಸೆಲ್ಫ್ ಮೋಟರ್, ಫ್ಯೂಸ್ ಪೆಟ್ಟಿಗೆ, ವೈರುಗಳ ಜೋಡಣೆ, ಡೀಸೆಲ್ ಟ್ಯಾಂಕಿನ ಮುಚ್ಚಳ, ಬ್ರೀದರ್ ಬಾಯಿ, ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ ರಬ್ಬರ್ ಬ್ಯಾಂಡ್ ಅಥವಾ ದಾರದಿಂದ ಕಟ್ಟಬೇಕು. ಗೊಬ್ಬರದ ಹಳೆಯ ಚೀಲದ ಒಳಹಾಳೆಯನ್ನು ಬಳಸುವುದಾದರೆ ಮೊದಲು ಚೆನ್ನಾಗಿ ತೊಳೆಯಿರಿ, ಏಕೆಂದರೆ ಅದರಲ್ಲಿ ಉಳಿದ ಯೂರಿಯಾದ ಪುಡಿ ತಾಮ್ರದ ತಂತಿಗೆ ಒಳ್ಳೆಯದಲ್ಲ. ಡಿಪ್‌ಸ್ಟಿಕ್ ಪೂರ್ತಿ ಒಳಗೆ ಕುಳಿತಿದೆಯೇ ಮತ್ತು ಆಯಿಲ್ ತುಂಬುವ ಮುಚ್ಚಳ ಬಿಗಿಯಿದೆಯೇ ಎಂದೂ ನೋಡಿಕೊಳ್ಳಿ.

ಡೀಸೆಲ್ ಅಥವಾ ಸೀಮೆಎಣ್ಣೆಯಿಂದ ತೊಳೆಯುವುದು ಎಲ್ಲ ಊರುಗಳಲ್ಲಿ ನಡೆದು ಬಂದ ರೂಢಿ. ಅದರಲ್ಲಿ ತಪ್ಪೇನು?

ಬಿಚ್ಚಿ ಕೆಳಗಿಟ್ಟ ಕಬ್ಬಿಣದ ಬಿಡಿಭಾಗವನ್ನು ತಟ್ಟೆಯಲ್ಲಿ ಡೀಸೆಲ್ ಹಾಕಿ ಬ್ರಷ್‌ನಿಂದ ತೊಳೆಯುವುದರಲ್ಲಿ ತಪ್ಪಿಲ್ಲ. ಗಾಡಿಯ ಮೇಲೆ ಜೋಡಿಸಿದ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವುದು ಬೇರೆಯೇ ಮಾತು. ಭಾರತೀಯ ಮಾನಕದ ಪ್ರಕಾರ ಡೀಸೆಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆಗೆ ಇಟ್ಟಿರುವ ಕನಿಷ್ಠ ಮಿತಿ 35 ಡಿಗ್ರಿ. ಗದಗಿನ ಏಪ್ರಿಲ್ ಬಿಸಿಲು ಅದಕ್ಕಿಂತ ಹೆಚ್ಚು, ದುಡಿದ ಎಂಜಿನ್ 80ರಿಂದ 90 ಡಿಗ್ರಿ. ಸಿಂಪಡಿಸಿದಾಗ ಅದು ಸಣ್ಣ ಹನಿಗಳಾಗಿ ಗಾಳಿಯಲ್ಲಿ ಹರಡುವುದರಿಂದ ಅಪಾಯ ಇನ್ನೂ ಹೆಚ್ಚುತ್ತದೆ. ಇದಲ್ಲದೆ ಡೀಸೆಲ್ ಬೆಲ್ಟು, ಹೋಸ್ ಮತ್ತು ಎಂಜಿನ್ ಫೌಂಡೇಶನ್ನಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅದರ ತೆಳುಪದರ ಉಳಿದೇ ಉಳಿಯುವುದರಿಂದ ಮರುದಿನದ ಧೂಳು ಅಲ್ಲಿಯೇ ಬಂದು ಅಂಟುತ್ತದೆ. ತೊಳೆದ ಎಂಜಿನ್ ವಾರದಲ್ಲಿ ಮತ್ತೆ ಕಪ್ಪಾಗುವುದಕ್ಕೆ ಇದೇ ಕಾರಣ.

ಪೆಟ್ರೋಲನ್ನು ಈ ಕೆಲಸಕ್ಕೆ ಯಾವ ರೀತಿಯಲ್ಲೂ ಬಳಸಬಾರದು. ಅದರ ಆವಿ ಸೊನ್ನೆಗಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಬೀಡಿಯನ್ನೋ ತಲುಪುತ್ತದೆ.

ಕಾಸ್ಟಿಕ್ ಸೋಡಾ ಹಾಕಿದರೆ ಜಿಡ್ಡು ಚೆನ್ನಾಗಿ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿನ್ನುವಾಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಡೈನಮೋದ ಮೈ, ಪಂಪಿನ ಕವಚ, ಎಷ್ಟೋ ಗಾಡಿಗಳಲ್ಲಿ ಟೈಮಿಂಗ್ ಕವರ್ ಮತ್ತು ರೇಡಿಯೇಟರ್ ಕೂಡ ಅಲ್ಯೂಮಿನಿಯಮ್ಮಿನವೇ. ಬಣ್ಣ ಕಿತ್ತು ಬರುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾದ ಅಂಶ ಇರುತ್ತದಾದರೂ ಅದು ಸೌಮ್ಯ. ತೆಳುವಾಗಿ ಕಲಸಿ, ಒಣಗಲು ಬಿಡದೆ ತೊಳೆದರೆ ಹಗುರವಾದ ಜಿಡ್ಡಿಗೆ ಸಾಕಾಗುತ್ತದೆ. ಪಾತ್ರೆ ತೊಳೆಯುವ ದ್ರವ ಅದಕ್ಕಿಂತ ಒಳ್ಳೆಯದು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಗಾಡಿಯನ್ನು ಸಿಮೆಂಟಿನ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಿ. ಎಂಜಿನ್ ಕೆಳಗೆ ಹಳೆಯ ತಾಡಪತ್ರಿ ಹಾಸಿ ಅದರ ಮೇಲೆ ಎರಡು ಬೆರಳು ದಪ್ಪ ಕಟ್ಟಿಗೆ ಹೊಟ್ಟು ಹರಡಿದರೆ ಬಿದ್ದ ಆಯಿಲ್ ಅಲ್ಲಿಯೇ ಹೀರಿಕೊಳ್ಳುತ್ತದೆ. ಬ್ಯಾಟರಿ ಬಿಚ್ಚಿ, ಮುಚ್ಚಬೇಕಾದುದನ್ನು ಮುಚ್ಚಿ.

ಈಗ ಒಣ ಕೆರೆತ. ಬಿದಿರಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿಯಿಂದ ದಪ್ಪ ಪದರಗಳನ್ನು ಎಬ್ಬಿಸಿ. ಖುರ್ಪಿ, ಸ್ಕ್ರೂಡ್ರೈವರ್‌ನಂಥ ಕಬ್ಬಿಣದ ಸಾಮಾನು ಬೇಡ. ಅವು ಪ್ಯಾಕಿಂಗಿನ ಅಂಚು, ಸಣ್ಣ ಡೀಸೆಲ್ ಪೈಪು, ವೈರುಗಳನ್ನು ಕೆಡಿಸುತ್ತವೆ. ನಾಲ್ಕು ಪಾಲಿನಲ್ಲಿ ಮೂರು ಪಾಲು ಜಿಡ್ಡು ಈ ಹಂತದಲ್ಲೇ ಹೋಗಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ದ್ರಾವಣವನ್ನೂ ನೀರನ್ನೂ ಎಷ್ಟು ಸುರಿದರೂ ತೀರುವುದಿಲ್ಲ. ತಾಳ್ಮೆಯಿಂದ ಒಂದು ಗಂಟೆ ಕೊಡುವುದು ದಂಡವಲ್ಲ.

ಆಮೇಲೆ ನೀರಿನಲ್ಲಿ ಕರಗುವ ಡಿಗ್ರೀಸರನ್ನು ಅದರ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಕಲಸಿ, ಕೈಯಿಂದ ಒತ್ತುವ ಸಣ್ಣ ಸ್ಪ್ರೇ ಬಾಟಲಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹಚ್ಚಿ. ಮೇಲಿನಿಂದ ಹಚ್ಚಿದರೆ ಹರಿದಿಳಿದ ದ್ರಾವಣ ಒಣ ಜಿಡ್ಡಿನ ಮೇಲೆ ಗೆರೆಗಳನ್ನು ಬಿಡುತ್ತದೆ. ಡಿಗ್ರೀಸರ್ ಆಯಿಲನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು, ಪ್ರತಿ ಹನಿಯನ್ನೂ ಸುತ್ತುವರಿದು ನೀರಿನೊಡನೆ ಹೋಗುವಂತೆ ಮಾಡುತ್ತದೆ. ಅದಕ್ಕೆ ಹೊತ್ತು ಬೇಕು. ಹತ್ತು ನಿಮಿಷ ಬಿಡಿ, ಒಣಗುತ್ತಿದೆ ಎನಿಸಿದರೆ ಮತ್ತೆ ಸ್ವಲ್ಪ ಹಚ್ಚಿ. ನೈಲಾನ್ ಬ್ರಷ್‌ನಿಂದ ಅಗಲ ಜಾಗಗಳನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬೋಲ್ಟಿನ ಸಂದುಗಳನ್ನೂ ತಿಕ್ಕಿ. ಪಂಪಿನ ಸುತ್ತ ಮತ್ತು ಡೈನಮೋ ಹತ್ತಿರ ಸಿಂಪಡಿಸದೆ, ದ್ರಾವಣದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಕೊನೆಗೆ ಸಾದಾ ಪೈಪಿನ ಮೆಲ್ಲನೆಯ ನೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆದು, ಒಣ ಬಟ್ಟೆಯಿಂದ ಒರೆಸಿ.

ನಮ್ಮ ಕೊಳವೆ ಬಾವಿಯ ನೀರಿನಲ್ಲಿ ಸೋಪು ನೊರೆಯೇ ಬರುವುದಿಲ್ಲ. ಏನು ಮಾಡಬೇಕು?

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಬಹುಪಾಲನ್ನು ಗಸಿಯಾಗಿಸಿಬಿಡುತ್ತವೆ. ಕೃಷಿ ಹೊಂಡದ ಅಥವಾ ಮಾಳಿಗೆಯಿಂದ ಹಿಡಿದ ಮಳೆನೀರಿದ್ದರೆ ದ್ರಾವಣ ಕಲಸಲು ಒಂದು ಬಕೆಟ್ ಅದನ್ನೇ ಬಳಸಿ. ತೊಳೆಯಲು ಕೊಳವೆ ಬಾವಿಯ ನೀರು ನಡೆಯುತ್ತದೆ, ಆದರೆ ಹಾಗೆಯೇ ಒಣಗಲು ಬಿಡದೆ ಒರೆಸಿದರೆ ಬಿಳಿ ಕಲೆ ಉಳಿಯುವುದಿಲ್ಲ.

ಹುಬ್ಬಳ್ಳಿಯಲ್ಲಿ ವಾಟರ್ ಸರ್ವಿಸ್ ಮಾಡಿಸಿದರೆ ಸಾಲದೇ?

ಗಾಲಿ, ಮಡ್‌ಗಾರ್ಡ್, ಟ್ರೇಲರ್ ತೊಳೆಯಲು ಅದು ಬಹಳ ಒಳ್ಳೆಯದು. ಎಂಜಿನ್ ವಿಷಯದಲ್ಲಿ ಮಾತ್ರ ನೀವೇ ಹತ್ತಿರ ನಿಂತು ಹೇಳಿ ಮಾಡಿಸಬೇಕು. ಒತ್ತಡದ ನೀರು ಆಯಿಲ್ ಸೀಲಿನ ತುಟಿಯನ್ನು ದಾಟಿ ಒಳಗೆ ಹೋಗುತ್ತದೆ, ಬೇರಿಂಗಿನ ಗ್ರೀಸ್ ಕೊಚ್ಚಿಹಾಕುತ್ತದೆ, ರೇಡಿಯೇಟರ್ ರೆಕ್ಕೆಗಳನ್ನು ಮಡಚುತ್ತದೆ, ವೈರುಗಳ ಜೋಡಣೆಯಲ್ಲಿ ಸೇರಿ ತಿಂಗಳ ನಂತರ ಹಸಿರು ತುಕ್ಕಾಗಿ ತೋರಿಕೊಳ್ಳುತ್ತದೆ. ಅಗಲವಾಗಿ ಹರಡುವ ನೋಝಲ್ ಹಾಕಿಸಿ, ಎರಡು ಅಡಿಗಿಂತ ಹತ್ತಿರ ತರದಂತೆ, ಒಂದೇ ಜಾಗಕ್ಕೆ ಹಿಡಿಯದಂತೆ ಹೇಳಿ.

ತೊಳೆದು ಬಂದ ದಿನವೇ ಗ್ರೀಸ್ ಗನ್ ತೆಗೆದುಕೊಂಡು ಎಲ್ಲ ನಿಪ್ಪಲ್‌ಗಳಿಗೆ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಒತ್ತಿ. ಮರುದಿನ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿ; ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸದೆ ಎಂಜಿನ್ ಚಾಲೂ ಮಾಡಬಾರದು.

ರೇಡಿಯೇಟರ್‌ನಲ್ಲಿ ಹೊಟ್ಟು ಮತ್ತು ಆಯಿಲ್ ಸೇರಿ ಕಟ್ಟಿದೆ. ಯಾವ ಕಡೆಯಿಂದ ತೊಳೆಯಬೇಕು?

ಫ್ಯಾನು ಗಾಳಿಯನ್ನು ಮುಂದಿನಿಂದ ಹಿಂದಕ್ಕೆ ಎಳೆಯುತ್ತದೆ, ಕಸವೂ ಮುಂದಿನಿಂದಲೇ ಬಂದು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗಿ ಜಡಿದುಕೊಳ್ಳುತ್ತದೆ. ಮೊದಲು ಮೆಲ್ಲನೆಯ ಗಾಳಿಯಿಂದ ಒಣ ಹೊಟ್ಟು ಊದಿಸಿ, ಆಮೇಲೆ ಪಾತ್ರೆ ತೊಳೆಯುವ ದ್ರವ ಕಲಸಿದ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಕಡಿಮೆ ಒತ್ತಡದಲ್ಲಿ ತೊಳೆಯಿರಿ. ರಾಶಿಯ ದಿನಗಳಲ್ಲಿ ಮುಂದಿನ ಜಾಳಿಗೆಯನ್ನು ದಿನಕ್ಕೆ ಎರಡು ಸಲವಾದರೂ ಎಂಜಿನ್ ನಿಲ್ಲಿಸಿ ಕೈಯಿಂದ ಬಳಿದು ತೆಗೆಯಬೇಕು. ಬ್ಯಾಡಗಿ, ಹಿರೇಕೆರೂರ ಕಡೆ ಗೋವಿನಜೋಳದ ರಾಶಿಯಲ್ಲಿ ಏಳುವ ತೆಳ್ಳನೆಯ ಸಿಪ್ಪೆ ಈ ಜಾಳಿಗೆಯನ್ನು ಬಹು ಬೇಗ ಮುಚ್ಚಿಬಿಡುತ್ತದೆ.

ಏರ್ ಕ್ಲೀನರನ್ನೂ ಇದೇ ಜೊತೆಗೆ ತೊಳೆಯಬಹುದೇ?

ಆಯಿಲ್ ಬಟ್ಟಲಿನ ಹಳೆಯ ಬಗೆಯದಾದರೆ ಬಟ್ಟಲನ್ನು ಬಿಚ್ಚಿ, ಕೆಸರಾದ ಆಯಿಲ್ ಚೆಲ್ಲದೆ ಡಬ್ಬಿಗೆ ಸುರಿದು, ಡೀಸೆಲ್‌ನಿಂದ ತೊಳೆದು, ಒಣಗಿಸಿ, ಹೊಸ ಎಂಜಿನ್ ಆಯಿಲನ್ನು ಗುರುತಿನ ತನಕ ಮಾತ್ರ ತುಂಬಿ. ಗುರುತು ಮೀರಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಿ, ಆಕ್ಸಿಲರೇಟರ್ ಬಿಟ್ಟರೂ ನಿಲ್ಲದೆ ಓಡುವ ಅಪಾಯವಿದೆ. ಕಾಗದದ ಒಣ ಫಿಲ್ಟರಿಗೆ ಡೀಸೆಲ್ಲಾಗಲಿ ಡಿಗ್ರೀಸರಾಗಲಿ ತಾಗಿಸಬಾರದು. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಿ, ಬೆಳಕಿಗೆ ಹಿಡಿದು ತೂತಿದೆಯೇ ನೋಡಿ. ತೂತಿದ್ದರೆ ಬದಲಿಸಿ. ಹಳೆಯ ಫಿಲ್ಟರಿನಲ್ಲಿ ಉಳಿಸಿದ ಹಣ ಲೈನರ್ ಪಿಸ್ಟನ್ನಿನ ಕೆಲಸಕ್ಕೆ ಹೋಗುತ್ತದೆ.

ಹೊಸ ಸಿಆರ್‌ಡಿಐ (ಡೀಸೆಲನ್ನು ಅತಿ ಒತ್ತಡದಲ್ಲಿ, ಇಲೆಕ್ಟ್ರಾನಿಕ್ ಹಿಡಿತದಲ್ಲಿ ಚಿಮ್ಮಿಸುವ) ಟ್ರ್ಯಾಕ್ಟರ್‌ಗೂ ಇದೇ ಕ್ರಮವೇ?

2023ರ ಜನವರಿ 1ರಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಯಾದ ಮೇಲೆ ಆ ವರ್ಗದಲ್ಲಿ ಸಿಆರ್‌ಡಿಐ ಎಂಜಿನ್‌ಗಳು ಬಂದಿವೆ. ಇವುಗಳಲ್ಲಿ ಸೆನ್ಸರ್‌ಗಳು, ಅವುಗಳ ಸಣ್ಣ ಜೋಡಣೆಗಳು ಮತ್ತು ಎಂಜಿನ್ ನಡೆಸುವ ಇಸಿಯು ಪೆಟ್ಟಿಗೆ ಇವೆ. ಡೀಸೆಲ್ ಪೈಪಿನ ಒತ್ತಡ 1,000 ಬಾರ್ ದಾಟುತ್ತದೆ. ಬಾನೆಟ್ ಒಳಗೆ ಪ್ರೆಷರ್ ನೀರು ಬೇಡವೇ ಬೇಡ. ಒಣ ಕೆರೆತ, ಗಾಳಿ ಊದುವುದು, ಬಟ್ಟೆಯಿಂದ ಒರೆಸುವುದು, ಇಷ್ಟರಲ್ಲಿ ಮುಗಿಸಿ. ಗ್ಯಾರಂಟಿ ಅವಧಿಯಲ್ಲಿ ಸೋರಿಕೆ ಕಂಡರೆ ತೊಳೆಯದೆ, ಇದ್ದ ಹಾಗೆಯೇ ಕಂಪನಿಯ ಸರ್ವಿಸ್‌ನವರಿಗೆ ತೋರಿಸಬೇಕು.

ತೊಳೆದ ಮೇಲೆ ಸೆಲ್ಫ್ ತಿರುಗುತ್ತಿಲ್ಲ. ತಿರುಗಿದರೂ ಎಂಜಿನ್ ಸುತ್ತ ಹೊಗೆ ಬರುತ್ತದೆ. ಕೆಟ್ಟಿತೇ?

ಬಹುಪಾಲು ಸಂದರ್ಭದಲ್ಲಿ ತೇವವೇ ಕಾರಣ. ಮುಚ್ಚಿದ ಚೀಲಗಳನ್ನೆಲ್ಲ ತೆಗೆದು, ಬಾನೆಟ್ ತೆರೆದು ಎರಡು ಮೂರು ಗಂಟೆ ಬಿಸಿಲಿಗೆ ಬಿಡಿ. ಬ್ಯಾಟರಿ ಟರ್ಮಿನಲ್ ಬಿಗಿಯಿದೆಯೇ, ಸೆಲ್ಫ್ ಮೋಟರಿನ ವೈರು ಸಡಿಲವಾಗಿದೆಯೇ ನೋಡಿ. ಮೊದಲ ಹತ್ತು ಹದಿನೈದು ನಿಮಿಷ ಮ್ಯಾನಿಫೋಲ್ಡಿನ ಮೇಲೆ ಉಳಿದ ದ್ರಾವಣ ಸುಟ್ಟು ತೆಳ್ಳನೆಯ ಹೊಗೆ ಬರುವುದುಂಟು, ಅದು ತಾನಾಗಿ ನಿಲ್ಲುತ್ತದೆ. ಅದಕ್ಕೂ ಮೀರಿ ಮುಂದುವರಿದರೆ ಎಂಜಿನ್ ನಿಲ್ಲಿಸಿ, ಆಯಿಲ್ ಎಲ್ಲಿಂದ ಬೀಳುತ್ತಿದೆ ಎಂದು ಹುಡುಕಬೇಕು. ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟಿಗೆ ಜಿಡ್ಡು ತಾಗಿದೆ. ಎಂಜಿನ್ ನಿಲ್ಲಿಸಿದ ಮೇಲೆ ಸೋಪು ನೀರಿನ ಬಟ್ಟೆಯಿಂದ ಒರೆಸಿ.

ಕ್ಲಚ್ ಹೌಸಿಂಗ್ ಕೆಳಗಿನ ಸಣ್ಣ ತೂತಿನಿಂದ ಆಯಿಲ್ ಬರುತ್ತಿದೆ. ಆ ತೂತನ್ನು ಮುಚ್ಚಬಹುದೇ?

ಮುಚ್ಚಬಾರದು. ಸೀಲ್ ಸೋರಿದಾಗ ಆಯಿಲ್ ಕ್ಲಚ್ ಪ್ಲೇಟಿಗೆ ಹೋಗದೆ ಹೊರಗೆ ಬೀಳಲಿ ಎಂದೇ ಅದನ್ನು ಇಟ್ಟಿರುತ್ತಾರೆ, ಮತ್ತು ಮಣ್ಣು ಕಟ್ಟದಿರಲೆಂದು ಹಲವು ಗಾಡಿಗಳಲ್ಲಿ ಅದರೊಳಗೆ ಅಲುಗಾಡುವ ಕಾಟರ್ ಪಿನ್ ತೂಗುಬಿಟ್ಟಿರುತ್ತಾರೆ. ಎರೆ ಕೆಸರು ಆ ಪಿನ್ನನ್ನೂ ಹಿಡಿದು ನಿಲ್ಲಿಸಿಬಿಡುತ್ತದೆ. ಪ್ರತಿ ಸಲ ತೊಳೆದಾಗ ಪಿನ್ ಸಡಿಲವಾಗಿ ಆಡುತ್ತಿದೆಯೇ ನೋಡಬೇಕು. ಬಂದ ಆಯಿಲ್ ಕಪ್ಪಾಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್, ಹೊಂಬಣ್ಣವಿದ್ದರೆ ಗೇರ್ ಪೆಟ್ಟಿಗೆಯ ಮುಂದಿನ ಸೀಲ್. ಎರಡಕ್ಕೂ ಗಾಡಿಯನ್ನು ನಡುವೆ ಬಿಚ್ಚಬೇಕಾದ್ದರಿಂದ ಹಿಂಗಾರಿ ಬಿತ್ತನೆಯ ನಡುವೆ ಸಿಕ್ಕಿಕೊಳ್ಳದಂತೆ ಮುಂಚೆಯೇ ಮಾಡಿಸಿಕೊಳ್ಳುವುದು ಜಾಣತನ.

ಹಳ್ಳದಲ್ಲಿ ಗಾಡಿ ಇಳಿಸಿ ತೊಳೆಯುವುದನ್ನು ನಮ್ಮೂರಲ್ಲಿ ಎಲ್ಲರೂ ಮಾಡುತ್ತಾರೆ.

ಖಂಡೆ ಪೂಜೆಯ (ದಸರೆಯ ಆಯುಧ ಪೂಜೆಯ) ಹಿಂದಿನ ದಿನ ಹಳ್ಳದ ದಂಡೆಯಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳನ್ನೂ ನೀರಿನ ಮೇಲೆ ಬಣ್ಣ ಬಣ್ಣವಾಗಿ ಹರಡಿದ ಆಯಿಲನ್ನೂ ನೋಡಿದವರಿಗೆ ಈ ಪ್ರಶ್ನೆಯ ಉತ್ತರ ಗೊತ್ತಿದೆ. ಆ ಪದರ ನೀರಿಗೆ ಗಾಳಿ ಸೇರುವುದನ್ನು ತಡೆದು ಮೀನುಗಳನ್ನು ಉಸಿರುಗಟ್ಟಿಸುತ್ತದೆ, ಕೆಳಗಿನ ಊರಿನ ದನಗಳು ಅದೇ ನೀರು ಕುಡಿಯುತ್ತವೆ. ಬೆಣ್ಣಿಹಳ್ಳಕ್ಕೆ ಸೇರಿದ್ದು ಮಲಪ್ರಭೆಗೆ ಹೋಗುತ್ತದೆ, ವರದೆಗೆ ಸೇರಿದ್ದು ತುಂಗಭದ್ರೆಗೆ. ಮೈಮೇಲಿನ ಬರೀ ಮಣ್ಣನ್ನು ಎಲ್ಲಿ ತೊಳೆದರೂ ನಡೆದೀತು. ಆಯಿಲ್ ಜಿಡ್ಡನ್ನು ಮಾತ್ರ ಹಳ್ಳ, ಕೆರೆ, ಕೃಷಿ ಹೊಂಡದ ಹತ್ತಿರಕ್ಕೂ ಒಯ್ಯಬಾರದು.

ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬರುತ್ತದೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ನೀರು ಬೆರೆಸದೆ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಹಾಕುವ ಗ್ಯಾರೇಜಿಗೆ ಕೊಡಬೇಕು. ಕೆರೆದ ಜಿಡ್ಡು ಮತ್ತು ಆಯಿಲ್ ಹೀರಿದ ಹೊಟ್ಟನ್ನು ಗಟ್ಟಿ ಚೀಲದಲ್ಲಿ ಕಟ್ಟಿ ಅದರೊಡನೆಯೇ ಕೊಡಿ; ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ, ಒಲೆಗೆ ಹಾಕಿದರೆ ಹೊಗೆ ಮನೆಯವರ ಎದೆಗೆ ಹೋಗುತ್ತದೆ.

ಕೈಗೆ ಹತ್ತಿದ ಕಪ್ಪು ಆಯಿಲ್ ಹೋಗುವುದಿಲ್ಲ. ಪೆಟ್ರೋಲ್ ಹಚ್ಚಿ ತೊಳೆಯಬಹುದೇ?

ಬೇಡ. ಪೆಟ್ರೋಲ್ ಚರ್ಮದ ಸಹಜ ಜಿಡ್ಡನ್ನು ತೆಗೆದು ಬಿರುಕು ಮೂಡಿಸುತ್ತದೆ, ಆ ಬಿರುಕಿನಿಂದ ಬಳಸಿದ ಆಯಿಲಿನ ಹಾನಿಕರ ಅಂಶ ಒಳಗೆ ಸೇರುತ್ತದೆ. ಹಳೆಯ ಎಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿನ ಭಯವೂ ಇದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳುವುದೇ ಮೇಲು. ಹತ್ತಿಬಿಟ್ಟರೆ ಒಂದು ಚಮಚ ಶೇಂಗಾ ಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಿರಿ. ಆಯಿಲ್ ಹಿಡಿದ ಚಿಂದಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಬೇಕು.

ವರ್ಷಕ್ಕೆ ಎಷ್ಟು ಸಲ ಮಾಡಬೇಕು?

ಮುಂಗಾರಿ ಬಿತ್ತನೆ ಮುಗಿದ ಮೇಲೆ ಒಮ್ಮೆ, ರಾಶಿಗೆ ಗಾಡಿ ಹೂಡುವ ಮೊದಲು ಒಮ್ಮೆ. ಇವೆರಡು ತಪ್ಪಬಾರದು. ನಡುವೆ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಪಂಪು ಮತ್ತು ಫಿಲ್ಟರಿನ ಸುತ್ತ ಒರೆಸುತ್ತಿದ್ದರೆ ದೊಡ್ಡ ಕೆಲಸ ಸಣ್ಣದಾಗುತ್ತದೆ.

ತೊಳೆದಾಯಿತು. ಸೋರಿಕೆ ಇನ್ನೂ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪೂರ್ತಿ ಒಣಗಿದ ಮೇಲೆ ಅನುಮಾನವಿರುವ ಕೂಡುಗಳ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಒಂದು ಗಂಟೆ ಭಾರದ ಕೆಲಸ ಮಾಡಿಸಿ, ನಿಲ್ಲಿಸಿ ನೋಡಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಎಲ್ಲಿಂದ ಹೊರಟಿದೆಯೋ ಅದೇ ಜಾಗ. ಮೊದಲು ತೆಗೆದ ಫೋಟೋದ ಜೊತೆ ಹೋಲಿಸಿದರೆ ಮೆಕ್ಯಾನಿಕ್‌ಗೆ ಹೇಳುವುದು ಸುಲಭ, ಬೇಡದ ಕೆಲಸದ ಖರ್ಚೂ ಉಳಿಯುತ್ತದೆ.

ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೋದಾಗ ಎಂಜಿನ್ ಥಳಥಳ ಹೊಳೆಯುತ್ತಿದ್ದರೆ ಒಳ್ಳೆಯ ಗಾಡಿ ಎಂದು ನಂಬಬಹುದೇ?

ನಂಬುವ ಮೊದಲು ಕೇಳಿ. ಚೆನ್ನಾಗಿ ನೋಡಿಕೊಂಡವರ ಗಾಡಿಯೂ ಹೊಳೆಯುತ್ತದೆ, ಸೋರಿಕೆ ಮುಚ್ಚಿಡಲು ನಿನ್ನೆ ತೊಳೆದು ಬಣ್ಣ ಹೊಡೆದ ಗಾಡಿಯೂ ಹೊಳೆಯುತ್ತದೆ. ಪ್ಯಾಕಿಂಗಿನ ಅಂಚು, ಬೋಲ್ಟಿನ ತಲೆ, ರಬ್ಬರ್ ಹೋಸ್‌ಗಳ ಮೇಲೂ ಹೊಸ ಬಣ್ಣ ಬಿದ್ದಿದ್ದರೆ ಅದು ಅವಸರದ ಕೆಲಸ. ಮಾಲೀಕರಿಗೆ ಹೇಳಿ ರಂಟೆ ಹೂಡಿಸಿ ಒಂದು ತಾಸು ಹೊಲದಲ್ಲಿ ನಡೆಸಿ ನೋಡಿ. ನಿಲ್ಲಿಸಿದ ಮೇಲೆ ಕೆಳಗೆ ರಟ್ಟು ಹಾಸಿ, ಬ್ರೀದರ್ ಬಾಯಿ, ಕ್ಲಚ್ ಹೌಸಿಂಗಿನ ತೂತು ಮತ್ತು ಟ್ಯಾಪೆಟ್ ಕವರಿನ ಹಿಂಬದಿ, ಈ ಮೂರು ಜಾಗವನ್ನು ಬೆಳಕು ಹಿಡಿದು ನೋಡಿ, ಆಮೇಲೆ ಬೆಲೆಯ ಮಾತಿಗೆ ಕುಳಿತುಕೊಳ್ಳಿ.